ಬೆಲ್ಲನಿಗೆ ಶುಗರ್, ಜರ್ಮನಿಗೆ ಟಿಕೆಟ್: ಇನ್ಸುಲಿನ್ ಬೆಕ್ಕಿನ ವಿಮಾನಯಾನ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

  ಮಧ್ಯೆ ಎಲ್ಲಾದ್ರೂ ‘ಮಿಯಾಂವ್’ ಕೇಳಿಸಿದ್ರೆ ಅದು ಎಡಿಟಿಂಗ್ ತಪ್ಪಲ್ಲ. ಇವತ್ತಿನ ಸಂಚಿಕೆಯ ವಿಷಯವೇ ಅವನು.

ಹೆಸರು ಬೆಲ್ಲ. ಮೈಸೂರಿನ ಕುಂಬಾರಕೊಪ್ಪಲಲ್ಲಿ ನಮ್ಮನೆ ಹಿತ್ತಲಿಗೆ ಬಂದು ಸೇರಿಕೊಂಡ ಮರಿ. ಮೈಬಣ್ಣ ಅಚ್ಚು ಬೆಲ್ಲದ್ದು, ಅದಕ್ಕೇ ಆ ಹೆಸರು. ಒಂಬತ್ತು ವರ್ಷಕ್ಕೆ ಅವನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯ್ತು. ‘ಬೆಲ್ಲ ಅಂತ ಹೆಸರಿಟ್ಟರೆ ಇನ್ನೇನಾಗುತ್ತೆ’ ಅಂದ್ರು ಅಜ್ಜಿ. ಅವರಿಗೂ ಶುಗರ್ ಇದೆ, ಅವರ ಹೆಸರಲ್ಲಿ ಸಿಹಿ ಏನೂ ಇಲ್ಲ.

ಬೆಕ್ಕಿಗೂ ಶುಗರ್ ಬರುತ್ತಾ ಅಂತ ಕೇಳೋರು ಇನ್ನೂ ಇದ್ದಾರೆ. ಬರುತ್ತೆ. ಬಹುತೇಕ ಬೆಕ್ಕುಗಳಲ್ಲಿ ಅದು ಮನುಷ್ಯರ ಟೈಪ್ 2 ಥರದ್ದು. ವಯಸ್ಸಾದ, ದಪ್ಪಗಾದ, ಸಂತಾನಹರಣ ಆಪರೇಷನ್ ಆದ ಗಂಡು ಬೆಕ್ಕುಗಳಿಗೆ ಅಪಾಯ ಜಾಸ್ತಿ. ಬೆಲ್ಲ ಈ ಮೂರಕ್ಕೂ ಸೇರಿದವನು. ಬಟ್ಟಲುಗಟ್ಟಲೆ ನೀರು ಕುಡೀತಿದ್ದ, ಸಿಕ್ಕಾಪಟ್ಟೆ ಮೂತ್ರ ಮಾಡ್ತಿದ್ದ, ಚೆನ್ನಾಗಿ ತಿಂದ್ರೂ ಸೊರಗ್ತಿದ್ದ. ಆಮೇಲೆ ಹಿಂಗಾಲನ್ನ ಹಿಮ್ಮಡಿವರೆಗೂ ನೆಲಕ್ಕೆ ಊರಿ ನಡೆಯೋಕೆ ಶುರು ಮಾಡಿದ. ಶುಗರ್‌ನಿಂದ ನರಗಳಿಗೆ ಪೆಟ್ಟಾಗಿರೋ ಲಕ್ಷಣ ಅದು. ನಮ್ಮನೆಯಲ್ಲಿ ವರ್ಷಗಟ್ಟಲೆ ಅವನಿಗೆ ಹಾಲನ್ನ ಹಾಕಿದ್ವಿ. ಬೆಕ್ಕು ಹುಟ್ಟಾ ಮಾಂಸಾಹಾರಿ, ಅನ್ನ ಅದರ ಊಟವೇ ಅಲ್ಲ ಅಂತ ವೆಟ್ ಡಾಕ್ಟರ್ ಹೇಳಿದಾಗ ಅಜ್ಜಿ ಮುಖ ನೋಡೋಕಾಗ್ಲಿಲ್ಲ.

ಚಿಕಿತ್ಸೆ ಅಂದ್ರೆ ಕಾರ್ಬ್ಸ್ ಕಡಿಮೆ ಇರೋ ಊಟ, ಹನ್ನೆರಡು ಗಂಟೆಗೊಮ್ಮೆ ಇನ್ಸುಲಿನ್. ಹೀಗೆ ಬಿಡದೆ ಮಾಡಿದ್ರೆ ಕೆಲವು ಬೆಕ್ಕುಗಳಿಗೆ ಮುಂದೆ ಇಂಜೆಕ್ಷನ್ನೇ ಬೇಡ ಅನ್ನೋ ಹಂತ ಬರುತ್ತೆ. ಬೆಲ್ಲನಿಗೆ ಅದಿನ್ನೂ ಬಂದಿಲ್ಲ. ಬೆಳಿಗ್ಗೆ ಏಳು, ಸಂಜೆ ಏಳು, ಎರಡೆರಡು ಯುನಿಟ್. ಅಷ್ಟರಲ್ಲಿ ನನಗೆ ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಸಿಕ್ತು.

‘ಬಿಟ್ಟು ಹೋಗು, ನಾವು ನೋಡ್ಕೋತೀವಿ’ ಅಂದ್ರು ಅಮ್ಮ. ನಾನೂ ಒಪ್ಪಿದ್ದೆ. ಅಭ್ಯಾಸ ಆಗ್ಲಿ ಅಂತ ಒಂದು ವಾರ ಇಂಜೆಕ್ಷನ್ ಕೆಲಸ ಅಮ್ಮನಿಗೇ ಬಿಟ್ಟೆ. ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬೆಲ್ಲ ಕುಡಿದವನ ಹಾಗೆ ತೂರಾಡ್ತಿದ್ದ. ಆಮೇಲೆ ಬಿದ್ದು ನಡುಗೋಕೆ ಶುರುವಾದ.

ಏನಾಗಿತ್ತು ಗೊತ್ತಾ? ನಮ್ಮನೆ ಫ್ರಿಜ್ ಬಾಗಿಲಲ್ಲಿ ಎರಡು ಇನ್ಸುಲಿನ್ ಬಾಟಲಿ ಇರುತ್ತೆ. ಅಜ್ಜಿಯದು ಯು-40, ಅಂದ್ರೆ ಒಂದು ಎಂಎಲ್‌ನಲ್ಲಿ 40 ಯುನಿಟ್. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಬೆಲ್ಲನದು ಗ್ಲಾರ್ಜಿನ್, ಯು-100, ಒಂದು ಎಂಎಲ್‌ನಲ್ಲಿ 100 ಯುನಿಟ್, ಸಿರಿಂಜಿಗೆ ಕಿತ್ತಳೆ ಮುಚ್ಚಳ. ಅಮ್ಮ ಬೆಲ್ಲನ ಬಾಟಲಿಯಿಂದ ಅಜ್ಜಿಯ ಕೆಂಪು ಸಿರಿಂಜಲ್ಲಿ ಎರಡರ ಗೆರೆವರೆಗೂ ಎಳೆದಿದ್ರು. ಗೆರೆ ಎರಡೇ, ಒಳಗೆ ಹೋಗಿದ್ದು ಐದು ಯುನಿಟ್. ಎರಡೂವರೆ ಪಟ್ಟು. ಐದೂವರೆ ಕೆಜಿ ಜೀವಕ್ಕೆ ಅದು ಸಣ್ಣ ವಿಷಯ ಅಲ್ಲ.

ಬೆರಳಿಗೆ ಜೇನುತುಪ್ಪ ಹಚ್ಚಿ ಅವನ ಒಸಡಿಗೆ ಉಜ್ಜಿದೆ, ಮತ್ತೆ ಉಜ್ಜಿದೆ, ಆಟೋದಲ್ಲಿ ಆಸ್ಪತ್ರೆಗೆ ಓಡಿದ್ವಿ. ಪ್ರಜ್ಞೆ ಇಲ್ಲದ ಬೆಕ್ಕಿನ ಬಾಯಿಗೆ ಸಕ್ಕರೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಒಸಡಿಗೆ ಸವರೋದು ಅಷ್ಟೇ. ಅವನು ಬದುಕಿಕೊಂಡ. ಅವತ್ತು ರಾತ್ರಿ ಅಮ್ಮ, ‘ನನ್ನ ಕೈಯಲ್ಲಿ ಆಗಲ್ಲ ಮಗು, ನೀನೇ ಕರ್ಕೊಂಡು ಹೋಗು’ ಅಂದ್ರು. ತಪ್ಪು ಅಮ್ಮಂದು ಅಂತ ನನಗೆ ಇವತ್ತಿಗೂ ಅನ್ನಿಸಲ್ಲ. ಎರಡು ಥರದ ಸಿರಿಂಜನ್ನ ಒಂದೇ ಡಬ್ಬಿಯಲ್ಲಿ ಇಟ್ಟವರು ಯಾರು? ನಾನು.

ಇನ್ನು ಕಾಗದಪತ್ರ. ನಮ್ಮ ಮೈಸೂರು ಮೃಗಾಲಯದಿಂದ 2021ರಲ್ಲಿ ಮೂರು ಆನೆಗಳು ವಿಮಾನದಲ್ಲಿ ಜಪಾನಿನ ಟೊಯೋಹಾಶಿಗೆ ಹೋದವು. ಆನೇನೇ ಹೋಗಿದೆ, ಬೆಕ್ಕು ಯಾವ ಲೆಕ್ಕ ಅಂದ್ಕೊಂಡಿದ್ದೆ. ಲೆಕ್ಕ ಇದೆ.

ಐರೋಪ್ಯ ಒಕ್ಕೂಟಕ್ಕೆ ಭಾರತ ರೇಬೀಸ್ ವಿಚಾರದಲ್ಲಿ ಪಟ್ಟಿಯ ಹೊರಗಿನ ದೇಶ. ಅದಕ್ಕೇ ಇಲ್ಲಿಂದ ಹೋಗೋ ನಾಯಿ, ಬೆಕ್ಕಿಗೆ ನಿಯಮ ಬಿಗಿ. ಮೊದಲು ಐಎಸ್‌ಒ ಮಾದರಿಯ ಹದಿನೈದು ಅಂಕಿಯ ಮೈಕ್ರೋಚಿಪ್. ಅದಾದ ಮೇಲೆ ರೇಬೀಸ್ ಲಸಿಕೆ. ಲಸಿಕೆ ಹಾಕಿಸಿ ಕಡಿಮೆ ಅಂದ್ರೂ 30 ದಿನ ಕಳೆದ ಮೇಲೆ ರಕ್ತ ತೆಗೆದು, ಒಕ್ಕೂಟ ಒಪ್ಪಿದ ಲ್ಯಾಬ್‌ಗೇ ಕಳಿಸಬೇಕು. ರೇಬೀಸ್ ಪ್ರತಿಕಾಯದ ಮಟ್ಟ ಎಂಎಲ್‌ಗೆ 0.5 ಐಯು ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ಬಂದ ಮೇಲೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಯಾಕೆ ಅಂದ್ರೆ, ಲಸಿಕೆಗೆ ಮುಂಚೆಯೇ ಸೋಂಕು ತಗುಲಿದ್ರೆ ಅದು ಹೊರಬೀಳೋಕೆ ಸಮಯ ಬೇಕು. ಎಲ್ಲ ಕೂಡಿಸಿದ್ರೆ ನಾಲ್ಕು ತಿಂಗಳು, ಅದೂ ಎಲ್ಲೂ ಎಡವದಿದ್ರೆ.

ನಾನು ಮೊದಲ ಹೆಜ್ಜೆಯಲ್ಲೇ ಎಡವಿದೆ. ಬೆಲ್ಲನಿಗೆ ಪ್ರತಿವರ್ಷ ಲಸಿಕೆ ಆಗಿತ್ತು, ಪುಸ್ತಕದಲ್ಲಿ ಸೀಲು ಸಹಿ ಎಲ್ಲ ಇತ್ತು. ಆದ್ರೆ ಚಿಪ್ ಇರಲಿಲ್ಲ. ಚಿಪ್‌ಗಿಂತ ಮುಂಚಿನ ಲಸಿಕೆ ಲೆಕ್ಕಕ್ಕಿಲ್ಲ. ಹಾಗಾಗಿ ಮೊದಲಿಂದ ಶುರು. ಕಂಪನಿಗೆ ಫೋನ್ ಮಾಡಿ, ಬೆಕ್ಕಿನ ಕಾರಣಕ್ಕೆ ಸೇರೋ ದಿನಾಂಕ ಮುಂದಕ್ಕೆ ಹಾಕಿ ಅಂತ ಕೇಳಿದೆ. ಆ ಫೋನ್ ಮಾಡೋಕೆ ಎರಡು ದಿನ ಧೈರ್ಯ ತಂದ್ಕೋಬೇಕಾಯ್ತು. ಅವರು ನಕ್ಕು ಒಪ್ಪಿದ್ರು.

ಕೊನೆಗೆ ಪ್ರಾಣಿಗಳ ಆರೋಗ್ಯ ಪ್ರಮಾಣಪತ್ರ. ಇದನ್ನ ಕೇಂದ್ರ ಸರ್ಕಾರದ ಅನಿಮಲ್ ಕ್ವಾರಂಟೈನ್ ಅಂಡ್ ಸರ್ಟಿಫಿಕೇಶನ್ ಸರ್ವಿಸಸ್ ಅಧಿಕಾರಿಗಳು ಕೊಡ್ತಾರೆ, ಅವರ ಕಚೇರಿ ಬೆಂಗಳೂರಲ್ಲೂ ಇದೆ. ಕೊಟ್ಟ ದಿನದಿಂದ ಹತ್ತು ದಿನದೊಳಗೆ ಯುರೋಪ್ ಮುಟ್ಟಬೇಕು. ತುಂಬ ಬೇಗ ಮಾಡಿಸಿದ್ರೆ ದಂಡ, ತಡ ಮಾಡಿದ್ರೆ ವಿಮಾನ ತಪ್ಪುತ್ತೆ.

ಬೇರೆ ದೇಶಕ್ಕೆ ಹೋಗೋರು ಈ ಲೆಕ್ಕ ನಂಬ್ಕೋಬೇಡಿ. ಬ್ರಿಟನ್ನಿಗೂ ಹೆಚ್ಚೂಕಡಿಮೆ ಇದೇ ನಿಯಮ, ಆದ್ರೆ ವಿಮಾನದಲ್ಲಿ ಹೋದ್ರೆ ಬೆಕ್ಕನ್ನ ಕ್ಯಾಬಿನ್‌ನಲ್ಲಿ ಬಿಡಲ್ಲ, ಕಾರ್ಗೋದಲ್ಲೇ ಇಳಿಸಬೇಕು. ಅಮೆರಿಕದಲ್ಲಿ ಕೇಂದ್ರದ ನಿಯಮ ಬೆಕ್ಕಿನ ಮಟ್ಟಿಗೆ ಸಡಿಲ, ರಾಜ್ಯ ಮತ್ತು ಏರ್‌ಲೈನ್ ನಿಯಮ ಬೇರೆ ಇರಬಹುದು. ಆಸ್ಟ್ರೇಲಿಯಾಗೆ ಭಾರತದಿಂದ ನೇರವಾಗಿ ಒಯ್ಯೋ ಹಾಗೇ ಇಲ್ಲ, ಅವರು ಒಪ್ಪಿದ ಇನ್ನೊಂದು ದೇಶಕ್ಕೆ ಮೊದಲು ಕರ್ಕೊಂಡು ಹೋಗಬೇಕು.

ಇಷ್ಟೆಲ್ಲ ಯಾರಾದ್ರೂ ಏಜೆಂಟ್ ಹೇಳ್ತಾರೆ. ಏಜೆಂಟ್ ಹೇಳದೇ ಇರೋದು ಇನ್ಸುಲಿನ್ ವಿಷಯ. ಕಾಗದದ ಗಡಿಯಾರ ತಿಂಗಳಲ್ಲಿ ಓಡುತ್ತೆ, ಬೆಲ್ಲನ ಗಡಿಯಾರ ಹನ್ನೆರಡು ಗಂಟೆಯದು. ನನ್ನ ವಿಮಾನ ಬೆಂಗಳೂರು ಬಿಡೋದು ನಡುರಾತ್ರಿ ಮೂರಕ್ಕೆ. ಹತ್ತು ಗಂಟೆ ಹಾರಾಟ. ಬೆಳಿಗ್ಗೆ ಏಳರ ಇಂಜೆಕ್ಷನ್ ಹೊತ್ತಿಗೆ ನಾವು ಆಕಾಶದಲ್ಲಿ. ಹೆದರಿದ ಬೆಕ್ಕು ಊಟ ಮುಟ್ಟಲ್ಲ. ಊಟ ಇಲ್ಲದೆ ಪೂರ್ತಿ ಡೋಸ್ ಹೋದ್ರೆ ನಮ್ಮನೆಯಲ್ಲಿ ಆದದ್ದೇ ಸೀಟಿನ ಕೆಳಗೆ ಆಗುತ್ತೆ, ಅಲ್ಲಿ ಆಟೋ ಸಿಗಲ್ಲ.

ನಮ್ಮ ಡಾಕ್ಟರ್ ಹೇಳಿದ್ದು ಹೀಗೆ: ಒಂದು ದಿನ ಶುಗರ್ ಜಾಸ್ತಿ ಇದ್ರೆ ತಡ್ಕೋತಾನೆ, ಒಂದು ಗಂಟೆ ತೀರಾ ಕಡಿಮೆ ಆದ್ರೆ ತಡ್ಕೊಳಲ್ಲ. ಇಂಜೆಕ್ಷನ್ ತಡವಾಗಲಿ, ಬೇಗ ಬೇಡ. ಹೊರಡೋ ದಿನ ಸಂಜೆ ಏಳಕ್ಕೆ ತಿಂದದ್ದು ನೋಡಿ ಅರ್ಧ ಡೋಸ್. ಆಕಾಶದಲ್ಲಿ ಇಂಜೆಕ್ಷನ್ ಬೇಡವೇ ಬೇಡ. ಮನೆ ಮುಟ್ಟಿ, ಊಟ ಮಾಡಿದ ಮೇಲೆ ಮುಂದಿನದು. ಇದು ಬೆಲ್ಲನ ಲೆಕ್ಕ. ನಿಮ್ಮ ಬೆಕ್ಕಿಗೆ ನಿಮ್ಮ ಡಾಕ್ಟರೇ ಬರೆದು ಕೊಡಬೇಕು, ವಾಟ್ಸ್ಯಾಪ್ ಗ್ರೂಪ್ ಅಲ್ಲ. ಒಂದು ಡೋಸ್ ತಪ್ಪಿದ್ರೆ ನಡೆಯುತ್ತೆ ಅಂತ ಎರಡು ಮೂರು ದಿನ ಬಿಡೋ ಹಾಗಿಲ್ಲ, ರಕ್ತದಲ್ಲಿ ಕೀಟೋನ್ ಏರಿ ಜೀವಕ್ಕೇ ಬರುತ್ತೆ. ಹಾಗೇ, ಕಾಯಿಲೆ ಈಗಷ್ಟೇ ಗೊತ್ತಾಗಿ ಡೋಸ್ ಇನ್ನೂ ಕೂತಿಲ್ಲ ಅಂದ್ರೆ ಟಿಕೆಟ್ ಬುಕ್ ಮಾಡಲೇಬೇಡಿ.

ಮತ್ತಿನ ಔಷಧಿ ಕೊಟ್ಟು ಮಲಗಿಸಿಬಿಡಿ ಅಂತ ತುಂಬ ಜನ ಹೇಳಿದ್ರು. ಬೇಡ. ಮತ್ತಿನಲ್ಲಿರೋ ಬೆಕ್ಕಿನ ಉಸಿರಾಟ, ರಕ್ತದೊತ್ತಡ ಆ ಎತ್ತರದಲ್ಲಿ ಏರುಪೇರಾಗಬಹುದು, ಏರ್‌ಲೈನ್‌ನವರು ಹತ್ತಿಸದೇ ಇರಬಹುದು. ಅದೂ ಅಲ್ಲದೆ, ತೂರಾಡ್ತಿರೋದು ಔಷಧಿಯಿಂದಲೋ ಶುಗರ್ ಬಿದ್ದಿದ್ದರಿಂದಲೋ ಅಂತ ಹೇಗೆ ತಿಳಿಯೋದು? ಅದರ ಬದಲು ಕ್ಯಾರಿಯರ್ ಬ್ಯಾಗನ್ನ ಮೂರು ತಿಂಗಳು ಮುಂಚೆಯೇ ಹಾಲ್‌ನಲ್ಲಿ ತೆರೆದಿಟ್ಟೆ. ಒಳಗೆ ಅಜ್ಜಿಯ ಹಳೇ ಸೀರೆ ತುಂಡು. ಕೊನೆಗೆ ಅವನೇ ಹೋಗಿ ಮಲಗೋಕೆ ಶುರು ಮಾಡಿದ.

ಇನ್ಸುಲಿನ್ ಇಡೋದು ಹೇಗೆ? ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಹೆಪ್ಪುಗಟ್ಟಿದ್ರೆ ಅದು ಕೆಟ್ಟ ಹಾಗೇ, ಕರಗಿಸಿ ಬಳಸೋ ಹಾಗಿಲ್ಲ. ಅದಕ್ಕೇ ಚೆಕ್-ಇನ್ ಲಗೇಜಿಗೆ ಹಾಕಬಾರದು, ಕೈಚೀಲದಲ್ಲೇ ಇರಬೇಕು, ಐಸ್ ಪ್ಯಾಕಿಗೆ ತಾಗಬಾರದು. ನಾನು ನೀರಲ್ಲಿ ನೆನೆಸೋ ಕೂಲಿಂಗ್ ಪೌಚ್ ತಗೊಂಡೆ. ಬಟ್ಟೆಯಲ್ಲಿರೋ ನೀರು ಆರ್ತಾ ಆರ್ತಾ ಒಳಗಿನ ಬಿಸಿ ಎಳ್ಕೊಳುತ್ತೆ. ಅಜ್ಜಿ ಅದನ್ನ ತಿರುಗಿಸಿ ನೋಡಿ, ‘ಇದು ನಮ್ಮ ಮಡಕೆ ಅಲ್ವೇನೋ’ ಅಂದ್ರು. ಸತ್ಯ. ಕರೆಂಟ್ ಹೋದಾಗ ಅಜ್ಜಿ ತಮ್ಮ ಬಾಟಲಿಯನ್ನ ಡಬ್ಬಿಗೆ ಹಾಕಿ, ಹಸಿಬಟ್ಟೆ ಸುತ್ತಿದ ಮಡಕೆಯೊಳಗೆ ಇಡ್ತಿದ್ರು. ಕುಂಬಾರರ ಹೆಸರಿನ ಊರಲ್ಲಿ ಹುಟ್ಟಿ, ಮಡಕೆಯ ಉಪಾಯವನ್ನ ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ತರಿಸಿದ್ದೆ ನಾನು.

ಏರ್‌ಪೋರ್ಟ್ ವಿಷಯ ಬೇಗ ಮುಗಿಸ್ತೀನಿ. ಕ್ಯಾಬಿನ್‌ಗೆ ಬಿಡೋ ಏರ್‌ಲೈನ್‌ಗಳಲ್ಲೂ ಬೆಕ್ಕು, ಬ್ಯಾಗು ಎರಡೂ ಸೇರಿ ಇಷ್ಟೇ ತೂಕ ಅಂತ ಮಿತಿ ಇರುತ್ತೆ, ನಮಗಿದ್ದದ್ದು 8 ಕೆಜಿ. ಟಿಕೆಟ್ ಜೊತೆಗೇ ಪ್ರಾಣಿಗೂ ಜಾಗ ಕಾಯ್ದಿರಿಸಬೇಕು. ಸೆಕ್ಯುರಿಟಿಯಲ್ಲಿ ಬ್ಯಾಗ್ ಎಕ್ಸ್‌ರೇಗೆ ಹೋಗುತ್ತೆ, ಬೆಕ್ಕನ್ನ ಹೊರಗೆ ತೆಗೀಬೇಕು. ಮೈಗೆ ಬೆಲ್ಟ್ ಹಾಕಿರಲಿ, ಪ್ರತ್ಯೇಕ ಕೋಣೆ ಕೇಳಿ. ಸಿರಿಂಜಿಗೆ ಡಾಕ್ಟರ್ ಚೀಟಿ, ಇಂಗ್ಲಿಷಿನಲ್ಲಿ, ಕೈಗೆ ಸಿಗೋ ಹಾಗೆ ಇರಲಿ. ಮನುಷ್ಯರು ತೋಳಿಗೆ ಅಂಟಿಸಿಕೊಳ್ಳೋ ಶುಗರ್ ಸೆನ್ಸರನ್ನೇ ಡಾಕ್ಟರ್ ಬೆಲ್ಲನ ಬೆನ್ನಿಗೆ ಕೂದಲು ತೆಗೆದು ಅಂಟಿಸಿದ್ರು. ಮೊಬೈಲ್ ಹತ್ತಿರ ಹಿಡಿದ್ರೆ ಅಂಕಿ ಬರುತ್ತೆ, ಫ್ಲೈಟ್ ಮೋಡಲ್ಲೂ. ಹತ್ತು ಗಂಟೆಯಲ್ಲಿ ಹದಿನೆಂಟು ಸಲ ನೋಡಿದೆ. ಹೆದರಿಕೆಗೇ ಬೆಕ್ಕಿನ ಶುಗರ್ ಏರುತ್ತೆ, ಅವನದು 380 ದಾಟಿತ್ತು. ಇಂಜೆಕ್ಷನ್ ಕೊಡೋಣ ಅಂತ ಕೈ ಚೀಲಕ್ಕೆ ಹೋಗಿತ್ತು. ಡಾಕ್ಟರ್ ಮಾತು ನೆನಪಾಗಿ ಜಿಪ್ ಹಾಕಿದೆ.

ಬೆಳಿಗ್ಗೆ ಒಂಬತ್ತೂವರೆಗೆ ಇಳಿದ್ವಿ. ಕಸ್ಟಮ್ಸ್‌ನಲ್ಲಿ ಕೆಂಪು ದಾರಿಗೆ ಹೋಗಿ ನಾವೇ ಹೇಳಬೇಕು. ಚಿಪ್ ಸ್ಕ್ಯಾನ್ ಮಾಡಿ, ಕಾಗದ ನೋಡಿ ಬಿಟ್ರು. ಹನ್ನೊಂದು ಗಂಟೆಗೆ ಬಾಡಿಗೆ ರೂಮಲ್ಲಿ ಮೂರು ತುತ್ತು ತಿಂದ, ಆಮೇಲೆ ಇಂಜೆಕ್ಷನ್. ಅಲ್ಲಿಂದ ಡಾಕ್ಟರ್ ಹೇಳಿದ ಹಾಗೆ ಅರ್ಧರ್ಧ ಗಂಟೆ ಹಿಂದಕ್ಕೆ ತಂದು, ನಾಲ್ಕು ದಿನದಲ್ಲಿ ಎಂಟಕ್ಕೆ ಕೂರಿಸಿದೆ.

ಕೊನೇ ವಿಷಯ, ಇದನ್ನ ಯಾರೂ ನನಗೆ ಮುಂಚೆ ಹೇಳಿರಲಿಲ್ಲ. ಯುರೋಪಿನಲ್ಲಿ ಪ್ರಾಣಿಗೆಂದೇ ಅನುಮತಿ ಪಡೆದ ಇನ್ಸುಲಿನ್ ಇದ್ರೆ ವೆಟ್‌ಗಳು ಮೊದಲು ಅದನ್ನೇ ಬರೀಬೇಕು. ಬೆಕ್ಕಿಗೆ ಸಿಗೋ ಪ್ರೊಜಿಂಕ್, ಕ್ಯಾನಿನ್ಸುಲಿನ್ ಎರಡೂ ಯು-40. ಮನುಷ್ಯರದು ಇಲ್ಲಿ ಹೆಚ್ಚಾಗಿ ಯು-100. ಅಂದ್ರೆ ನಮ್ಮನೆ ಫ್ರಿಜ್ ಪೂರ್ತಿ ಉಲ್ಟಾ. ಊರಿಂದ ತಂದ ಕಿತ್ತಳೆ ಮುಚ್ಚಳದ ಸಿರಿಂಜಲ್ಲಿ ಇಲ್ಲಿನ ಇನ್ಸುಲಿನ್ ಎಳೆದ್ರೆ ಈ ಸಲ ಎರಡೂವರೆ ಪಟ್ಟು ಕಡಿಮೆ ಹೋಗುತ್ತೆ. ಹೊಸ ಬಾಟಲಿ ಬಂದ ದಿನವೇ ಹಳೇ ಸಿರಿಂಜ್ ಎಲ್ಲ ಬೇರೆ ಡಬ್ಬಿಗೆ ಹಾಕಿ ಟೇಪ್ ಸುತ್ತಿದೆ. ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅಮ್ಮ ಫೋನ್ ಎತ್ಕೊಂಡು ಹೋಗಿ ನಮ್ಮನೆ ಫ್ರಿಜ್ ತೆಗೆದು ತೋರಿಸಿದ್ರು. ಬಾಗಿಲಲ್ಲಿ ಈಗ ಅಜ್ಜಿಯ ಬಾಟಲಿ ಒಂದೇ ಇದೆ, ಅದಕ್ಕೂ ‘ಕೆಂಪು’ ಅಂತ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿದ್ದಾರೆ.