ಕಂದು ಚರ್ಮದ ಮುಂಗೋಪ

ನಾಯಂಡಹಳ್ಳಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ನಾಲ್ಕನೆಯ ನಿಲ್ದಾಣ ವಿಜಯನಗರ. ಅಲ್ಲಿನ ವೆಂಕಟ್ ಚರ್ಮಾಲಯದ ಡಾ. ವೆಂಕಟರಾಮ್ ಮೈಸೂರು ಮತ್ತು ಸಂಗಡಿಗರ ಕಾರ್ಯಪಡೆಯೊಂದು 2017ರಲ್ಲಿ ಚರ್ಮವೈದ್ಯರ ಹಳೆಯ ಕಟ್ಟಳೆಯೊಂದನ್ನು ಕೆದಕಿತು. ಮೊಡವೆಗೆ ಐಸೊಟ್ರೆಟಿನೊಯಿನ್ ನುಂಗಿದವರು ಅದನ್ನು ಬಿಟ್ಟು ಆರು ತಿಂಗಳಾಗುವವರೆಗೆ ಮೊಡವೆ ಗುಳಿಗಳಿಗೆ ಲೇಸರ್ ಮಾಡಿಸಬಾರದು ಎಂಬುದು ಆ ಕಟ್ಟಳೆ. 1980ರ ದಶಕದಲ್ಲಿ ಈ ಮದ್ದು ನುಂಗಿ ಯಂತ್ರದಿಂದ ಚರ್ಮ ಉಜ್ಜಿಸಿಕೊಂಡ ಬೆರಳೆಣಿಕೆಯ ರೋಗಿಗಳ ಗಾಯ ಉಬ್ಬುಕಲೆಯಾಗಿತ್ತು. ಅದೇ ಅದರ ಮುಖ್ಯ ಆಧಾರ. ಈಗಿನ ಫ್ರಾಕ್ಷನಲ್ ಲೇಸರ್‌ಗೆ ಅಷ್ಟು ಕಾಯಬೇಕಿಲ್ಲ ಎಂದಿತು ಕಾರ್ಯಪಡೆ. ಇಡೀ ಮುಖದ ಮೇಲ್ಪದರವನ್ನೇ ಸುಲಿಯುವ ಚಿಕಿತ್ಸೆಗಳಿಗೆ ಮಾತ್ರ ಎಚ್ಚರಿಕೆ ಉಳಿಯಿತು.

ವ್ಯತ್ಯಾಸ ಇರುವುದು ಗಾಯದ ಗಾತ್ರದಲ್ಲಿ. 2004ರಲ್ಲಿ ಬಾಸ್ಟನ್ನಿನ ಡೀಟರ್ ಮ್ಯಾನ್‌ಸ್ಟೈನ್, ರಾಕ್ಸ್ ಆಂಡರ್ಸನ್ ಮುಂದಿಟ್ಟ ಫ್ರಾಕ್ಷನಲ್ ವಿಧಾನದಲ್ಲಿ ಲೇಸರ್ ಕಣ್ಣಿಗೆ ಕಾಣದಷ್ಟು ಸಣ್ಣ ಕಂಬಗಳ ಆಕಾರದಲ್ಲಿ ಮಾತ್ರ ಸುಡುತ್ತದೆ. ನಡುನಡುವೆ ಉಳಿದ ಒಳ್ಳೆಯ ಚರ್ಮ ಗಾಯವನ್ನು ಬೇಗ ಮಾಯಿಸುತ್ತದೆ. ಒಳಗೆ ಹೊಸ ಕೊಲಾಜೆನ್ ಹುಟ್ಟಿ ಗುಳಿ ಮೇಲೇಳುತ್ತದೆ. ಪೂರ್ತಿ ಮುಚ್ಚುವುದು ಅಪರೂಪ. ಜಾಹೀರಾತು ಇದನ್ನು ಹೇಳುವುದಿಲ್ಲ.

ನಮ್ಮ ಚರ್ಮಕ್ಕೆ ಇನ್ನೊಂದು ತೊಡಕಿದೆ. ಮೆಲನಿನ್ ತಯಾರಿಸುವ ಕೋಶಗಳು ಮುಂಗೋಪಿಗಳು: ಬಿಸಿ ತಾಗಲಿ, ಉಜ್ಜಲಿ, ಚಿವುಟಲಿ, ಕಪ್ಪು ಕಾರಿಬಿಡುತ್ತವೆ. ಕಲೆ ತೆಗೆಸಲು ಹೋದವರು ತಿಂಗಳುಗಟ್ಟಲೆ ಹೊಸ ಕಲೆ ಹೊತ್ತು ತಿರುಗುವುದು ಇದರಿಂದಲೇ. 1975ರಲ್ಲಿ ಅಮೆರಿಕದ ಚರ್ಮವೈದ್ಯ ಫಿಟ್ಸ್‌ಪ್ಯಾಟ್ರಿಕ್ ಚರ್ಮವನ್ನು ಬಿಸಿಲಿಗೆ ಸ್ಪಂದಿಸುವ ಬಗೆಯ ಮೇಲೆ ವಿಂಗಡಿಸಿದಾಗ ಲೆಕ್ಕಕ್ಕೆ ಹಿಡಿದದ್ದು ಬಿಳಿಯರನ್ನು ಮಾತ್ರ. ಕಂದು, ಕಪ್ಪು ಚರ್ಮಕ್ಕೆ ಐದು, ಆರನೆಯ ವರ್ಗಗಳು ಸೇರಿದ್ದು ಆಮೇಲೆ.

ಎಲ್ಲಕ್ಕಿಂತ ಹಟಮಾರಿ ಬಂಗು. ಬಸಿರು, ಹಾರ್ಮೋನ್ ಮಾತ್ರೆ, ಬಿಸಿಲು, ಮನೆತನದ ಗುಣ, ಎಲ್ಲದಕ್ಕೂ ಇದರಲ್ಲಿ ಪಾಲಿದೆ. ನೇರಳಾತೀತ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ. ಮೈಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಮಧ್ಯಾಹ್ನ ಸ್ಕೂಟರ್ ಮೇಲೆ ಕಾಯುವವರಿಗೆ ಹಾಗಾಗಿ ಕಬ್ಬಿಣದ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನೇ ವಾಸಿ. ಬಂಗಿಗೆ ಲೇಸರ್ ಮೊದಲ ಮದ್ದಲ್ಲ. ತಿಳಿಯಾದದ್ದು ಮತ್ತೆ ಮರಳುವುದು ಮಾಮೂಲು.

ಮೊದಲ ಮದ್ದು ಮುಲಾಮು. ಹೈಡ್ರೊಕ್ವಿನೋನ್, ಟ್ರೆಟಿನೊಯಿನ್, ಒಂದು ಸ್ಟೆರಾಯ್ಡ್: ಈ ಮೂರನ್ನು 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಬೆರೆಸಿದರು. ವೈದ್ಯರ ಕಣ್ಗಾವಲಿನಲ್ಲಿ ಕೆಲವು ವಾರ ಬಳಸಿದರೆ ಗುಣ ಕಾಣುತ್ತದೆ. ಭಾರತದಲ್ಲಿ ಇಂಥದೇ ಮಿಶ್ರಣ ಬೆಳ್ಳಗಾಗುವ ಕ್ರೀಮಿನ ವೇಷದಲ್ಲಿ ಮೆಡಿಕಲ್ ಸ್ಟೋರುಗಳಿಂದ ಮನೆಮನೆ ಸೇರಿತು. ವರ್ಷಗಟ್ಟಲೆ ಹಚ್ಚಿದವರ ಚರ್ಮ ತೆಳುವಾಗಿ ರಕ್ತನಾಳಗಳು ಕೆಂಪಗೆ ಕಾಣಿಸಿಕೊಂಡವು, ಮೊಡವೆಯೆದ್ದವು, ಮುಖದಲ್ಲಿ ರೋಮ ಬೆಳೆಯಿತು. ಬಿಟ್ಟರೆ ಉರಿ, ಹಚ್ಚಿದರೆ ಹಾನಿ. 2011ರಲ್ಲಿ ಪ್ರಕಟವಾದ, ದೇಶದ ಹಲವು ಆಸ್ಪತ್ರೆಗಳ ಅಧ್ಯಯನದಲ್ಲಿ ಮುಖದ ಚರ್ಮರೋಗವಿದ್ದ 2,926 ಮಂದಿಯ ಪೈಕಿ 433 ಮಂದಿ ಸ್ಟೆರಾಯ್ಡ್ ಹಚ್ಚುತ್ತಿದ್ದರು. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಲೇಪಗಳನ್ನು ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ಕಾನೂನು ಬಂದದ್ದು ತಡವಾಗಿ.

ಸುಕ್ಕಿನ ವಿಷಯದಲ್ಲಿ ಮಾತ್ರ ಅದೇ ಮೆಲನಿನ್ ನಮ್ಮ ಪಕ್ಷ. ಬಿಸಿಲನ್ನು ತಡೆಯುವುದರಿಂದ ಕಂದು ಮುಖಕ್ಕೆ ಗೆರೆ ಬೀಳುವುದು ನಿಧಾನ. ಬಿದ್ದ ಮೇಲೆ ಬೊಟಾಕ್ಸ್ ಇದೆ. ಹುಬ್ಬಿನ ನಡುವಿನ ಗೆರೆಗೆ ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಸ್ನಾಯುವನ್ನು ಸಡಿಲಿಸುವ ಈ ಚುಚ್ಚುಮದ್ದಿನ ಬಲ ಮೂರು ನಾಲ್ಕು ತಿಂಗಳಿನದು, ಆಮೇಲೆ ಮತ್ತೆ ಚುಚ್ಚಿಸಬೇಕು, ಮತ್ತೆ ದುಡ್ಡು ಕಟ್ಟಬೇಕು.