ಹೆಬ್ಬೆಟ್ಟು ಗುರುತಾಗಲಿ, ಬೀಗದ ಕೈ ಆಗದಿರಲಿ

ಕೋಲಾರ ತಾಲ್ಲೂಕಿನ ಕ್ಯಾಲನೂರಿನಂಥ ಊರಿನಲ್ಲಿ ಒಂದು ರೈತ ಕುಟುಂಬ ಎಲ್ಲೆಲ್ಲಿ ಹೆಬ್ಬೆಟ್ಟು ಒತ್ತುತ್ತದೆ ಎಂದು ಯೋಚಿಸಿ ನೋಡಿ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ, ಮೊಬೈಲ್ ಅಂಗಡಿಯಲ್ಲಿ ಸಿಮ್‌ಗೆ, ಬ್ಯಾಂಕಿನ ಪರವಾಗಿ ಹಣ ಕೊಡುವ ಏಜೆಂಟರ ಬಳಿ ಪಿಂಚಣಿಗೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರಕ್ಕೆ. ಎಲ್ಲ ಕಡೆಯೂ ‘ಥಂಬ್ ಕೊಡಿ’ ಎನ್ನುವ ಒಂದೇ ಮಾತು. ಆದರೆ ಕೊಟ್ಟ ಹೆಬ್ಬೆಟ್ಟು ಮಾಡುವ ಕೆಲಸ ಎಲ್ಲ ಕಡೆಯೂ ಒಂದೇ ಅಲ್ಲ. ಕ್ರಯಪತ್ರದ ಮೇಲೆ ಅದು ‘ಬಂದವರು ಇವರೇ’ ಎಂದು ಸಾಕ್ಷಿ ಹೇಳುತ್ತದೆ. ಏಜೆಂಟರ ಯಂತ್ರದ ಮೇಲೆ ‘ನನ್ನ ಖಾತೆಯಿಂದ ಹಣ ತೆಗೆಯಿರಿ’ ಎಂದು ಅಪ್ಪಣೆ ಕೊಡುತ್ತದೆ. ಸಾಕ್ಷಿ ಹೇಳಲು ಬೆರಳಿಗೆ ಯೋಗ್ಯತೆ ಇದೆ. ಗುಟ್ಟಾಗಿರಬೇಕಾದ ಅಪ್ಪಣೆಗೆ ಅದನ್ನೊಂದನ್ನೇ ನಂಬುವುದು ತಪ್ಪು ಎಂಬುದು ನನ್ನ ವಾದ. ಇದಕ್ಕೆ ಆಧಾರ ವಿಜ್ಞಾನದಲ್ಲೂ ಇದೆ, ನಮ್ಮ ರಾಜ್ಯದಲ್ಲೇ ನಡೆದ ಘಟನೆಗಳಲ್ಲೂ ಇದೆ.

ಬೆರಳ ತುದಿಯ ಗೆರೆಗಳು ತಾಯಿಯ ಹೊಟ್ಟೆಯಲ್ಲಿ ಸುಮಾರು 10ನೇ ವಾರದ ಹೊತ್ತಿಗೆ ಮೂಡತೊಡಗಿ, ಐದನೆಯ ತಿಂಗಳ ಹೊತ್ತಿಗೆ ಸ್ಥಿರವಾಗುತ್ತವೆ. ಚರ್ಮದ ಪದರಗಳ ಮೇಲೆ ಬೀಳುವ ಒತ್ತಡ ಪ್ರತಿ ಬೆರಳಿಗೂ ಬೇರೆಯಾದ್ದರಿಂದ ಅವಳಿಗಳಲ್ಲೂ ಗೆರೆಗಳು ಹೊಂದುವುದಿಲ್ಲ. ಯಂತ್ರ ಇಡೀ ಚಿತ್ರವನ್ನು ನಮ್ಮಂತೆ ಕಣ್ಣಾಡಿಸಿ ನೋಡುವುದಿಲ್ಲ. ಗೆರೆ ಎಲ್ಲಿ ಮುಗಿಯಿತು, ಎಲ್ಲಿ ಎರಡಾಗಿ ಕವಲೊಡೆಯಿತು ಎಂಬ ಬಿಂದುಗಳನ್ನು ಗುರುತಿಸಿ, ಅವುಗಳ ಸ್ಥಾನ ಮತ್ತು ದಿಕ್ಕನ್ನು ಹಿಂದೆ ದಾಖಲಾದ ಬಿಂದುಗಳೊಂದಿಗೆ ತಾಳೆ ನೋಡುತ್ತದೆ. ಎರಡು ಸಲ ಒತ್ತಿದ ಬೆರಳು ಎಂದೂ ತದ್ರೂಪವಾಗಿ ಬೀಳದು. ಹಾಗಾಗಿ ‘ಇಷ್ಟು ಹೊಂದಿದರೆ ಸಾಕು’ ಎಂಬ ಮಿತಿಯೊಂದನ್ನು ಯಂತ್ರಕ್ಕೆ ಹಾಕಿಕೊಡಬೇಕಾಗುತ್ತದೆ. ಮಿತಿ ಬಿಗಿಯಾದರೆ ನಿಜವಾದವರೇ ಹೊರಗುಳಿಯುತ್ತಾರೆ, ಸಡಿಲವಾದರೆ ಬೇರೆಯವರು ಒಳಗೆ ಬರುತ್ತಾರೆ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರ, ರೇಷ್ಮೆ ಗೂಡು ಬೇಯಿಸುವ ಬಿಸಿನೀರಿನಲ್ಲಿ ಕೈಯಾಡಿಸುವವರ, ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನ ಸೊನೆ ತಾಗಿಸಿಕೊಳ್ಳುವವರ, ವಯಸ್ಸಾದವರ ಗೆರೆಗಳು ಸವೆದಿರುತ್ತವೆ. ಬಿಗಿಯಾದ ಮಿತಿಯ ಪೆಟ್ಟು ಬೀಳುವುದು ಹೆಚ್ಚಾಗಿ ಇವರಿಗೇ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಬೆರಳ ಗುರುತು ಗುಟ್ಟಲ್ಲ. ಮುಟ್ಟಿದ ಲೋಟದ ಮೇಲೂ ಅದು ಉಳಿಯುತ್ತದೆ. ಪಾಸ್‌ವರ್ಡ್ ಕದ್ದುಹೋದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. 2001ರ ತಿದ್ದುಪಡಿಯಿಂದ ನೋಂದಣಿ ಕಾಯ್ದೆಗೆ ಸೇರಿದ 32ಎ ಕಲಮಿನ ಪ್ರಕಾರ ದಸ್ತಾವೇಜಿಗೆ ಪಕ್ಷಕಾರರ ಫೋಟೊ ಮತ್ತು ಬೆರಳಚ್ಚು ಹಾಕಬೇಕು. ನಕಲಿ ಮಾರಾಟಗಾರರನ್ನು ತಡೆಯಲು ಅದು ಒಳ್ಳೆಯ ನಿಯಮವೇ. ಆದರೆ ಸ್ಥಿರಾಸ್ತಿಯ ದಸ್ತಾವೇಜು ಸಾರ್ವಜನಿಕ ದಾಖಲೆ, ಶುಲ್ಕ ಕಟ್ಟಿದವರಿಗೆ ಅದರ ನಕಲು ಸಿಗುತ್ತದೆ. ಇತ್ತ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಬಂತು. ಅದರಲ್ಲಿ ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳು ಇಷ್ಟಿದ್ದರೆ ಸಾಕು, ಪಿನ್ ಬೇಡ, ಒಟಿಪಿ ಬೇಡ. ಒಂದು ಇಲಾಖೆ ಸಾರ್ವಜನಿಕವಾಗಿ ಕೊಡುವ ಗುರುತನ್ನೇ ಇನ್ನೊಂದು ವ್ಯವಸ್ಥೆ ಬೀಗದ ಕೈ ಮಾಡಿಕೊಂಡಿತು. 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಸಿಮ್ ಮಾರುವವನೊಬ್ಬ ಭೂ ನೋಂದಣಿ ದಾಖಲೆಗಳಿಂದ ಬೆರಳಚ್ಚು ಇಳಿಸಿ, ಅದರ ಪಡಿಯಚ್ಚು ಮಾಡಿ, ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿ ಸಿಕ್ಕಿಬಿದ್ದ. ಎಚ್ಚರಿಕೆ ಅಷ್ಟು ಸ್ಪಷ್ಟವಾಗಿದ್ದರೂ 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಮಾಯವಾದ ದೂರುಗಳು ಸಾಲುಸಾಲಾಗಿ ಬಂದವು. ದಸ್ತಾವೇಜು ನೋಂದಣಿಯ ‘ಕಾವೇರಿ’ ತಂತ್ರಾಂಶದಿಂದ ಸಿಗುವ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮಾಡಲು ನೋಂದಣಿ ಇಲಾಖೆ ಮುಂದಾದದ್ದು ಆಮೇಲೆ. ಹೊರಗೆ ಹೋದ ಹಳೆಯ ಪ್ರತಿಗಳನ್ನು ಮರಳಿ ತರಲು ಯಾವ ಇಲಾಖೆಗೂ ಸಾಧ್ಯವಿಲ್ಲ.

ಕಂಪನಿಗಳ ಕಡೆಗೂ ನೋಡಿ. 2017ರಲ್ಲಿ ಸಿಮ್ ಪರಿಶೀಲನೆಗೆಂದು ಗ್ರಾಹಕರು ಒತ್ತಿದ ಬೆರಳನ್ನೇ ಬಳಸಿ, ಅವರಿಗೆ ತಿಳಿಯದಂತೆ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದ ಆರೋಪ ಬಂತು. ಅಡುಗೆ ಅನಿಲದ ಸಬ್ಸಿಡಿ ಆ ಖಾತೆಗಳಿಗೆ ಹೋಗಿತ್ತು. ಆಧಾರ್ ಮೂಲಕ ಗ್ರಾಹಕರನ್ನು ಗುರುತಿಸುವ ಆ ಬ್ಯಾಂಕಿನ ಇ-ಕೆವೈಸಿ ಪರವಾನಗಿಯನ್ನು ಆಧಾರ್ ಪ್ರಾಧಿಕಾರ ತಡೆಹಿಡಿಯಿತು, 2018ರಲ್ಲಿ ರಿಸರ್ವ್ ಬ್ಯಾಂಕ್ 5 ಕೋಟಿ ರೂಪಾಯಿ ದಂಡ ಹಾಕಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಅನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಮರುವರ್ಷ ಖಾಸಗಿ ಕಂಪನಿಗಳು ಆಧಾರ್ ಕೇಳುವ ದಾರಿಯನ್ನು ಕೋರ್ಟು ಮುಚ್ಚಿತು. 2019ರ ತಿದ್ದುಪಡಿ ಬ್ಯಾಂಕು ಮತ್ತು ಟೆಲಿಕಾಂಗೆ ‘ಸ್ವಇಚ್ಛೆ’ಯ ಹೆಸರಲ್ಲಿ ಆ ದಾರಿಯನ್ನು ತೆರೆಯಿತು, 2025ರ ಜನವರಿಯ ನಿಯಮಗಳು ಇನ್ನಷ್ಟು ಖಾಸಗಿ ಸಂಸ್ಥೆಗಳಿಗೆ ಅವಕಾಶ ಕೊಟ್ಟವು. ಕೌಂಟರಿನ ಮುಂದೆ ಸಾಲಿನಲ್ಲಿ ನಿಂತವರಿಗೆ ಸ್ವಇಚ್ಛೆ ಎಷ್ಟರಮಟ್ಟಿಗೆ ಉಳಿದಿರುತ್ತದೆ?

‘ಬೆರಳು ಒತ್ತಿಸಿದ್ದರಿಂದಲೇ ಪಡಿತರದ ಕಳ್ಳತನ ತಗ್ಗಿತು, ಓದು ಬಾರದವರಿಗೆ ಪಿನ್ ನೆನಪಿಡುವುದು ಕಷ್ಟ’ ಎಂಬ ಆಕ್ಷೇಪ ಹಗುರವಾದುದಲ್ಲ. ಒಬ್ಬರ ಪಾಲನ್ನು ಇನ್ನೊಬ್ಬರು ಎತ್ತಿಕೊಂಡು ಹೋಗುವುದನ್ನು ಬೆರಳು ತಡೆಯುತ್ತದೆ, ನಿಜ. ಆದರೆ ನಿಜವಾದ ಫಲಾನುಭವಿಗೇ ತೂಕ ಕಡಿಮೆ ಕೊಟ್ಟರೆ ಅದು ಬೆರಳಿಗೆ ತಿಳಿಯುವುದಿಲ್ಲ. ಬೆರಳು ಹೊಂದದವರಿಗೆ ಪರ್ಯಾಯ ದಾರಿಯಿಂದ ಪಡಿತರ ಕೊಡಬೇಕೆಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ, ಆ ದಾರಿ ಅಂಗಡಿಯ ಮಟ್ಟದಲ್ಲಿ ತೆರೆದಿರಬೇಕು. ಹಾಗೆಂದು ಬೆರಳನ್ನು ಎಲ್ಲೂ ಬಳಸಬಾರದೆಂದಲ್ಲ. ನಮ್ಮ ರಾಜ್ಯದ ‘ಭೂಮಿ’ ಯೋಜನೆ ಸುಮಾರು 2000ದ ಹೊತ್ತಿಗೆ ಪಹಣಿಗಳನ್ನು ಗಣಕಕ್ಕೆ ತಂದಾಗ ಅಧಿಕಾರಿಗಳು ಬೆರಳು ಒತ್ತಿಯೇ ಲಾಗಿನ್ ಆಗಬೇಕಿತ್ತು, ತಿದ್ದಿದವರು ಯಾರೆಂದು ದಾಖಲಾಗಲಿ ಎಂದು. ಅಧಿಕಾರ ಇದ್ದವರನ್ನು ಹೊಣೆ ಮಾಡಲು ಬಳಸಿದ ಆ ರೀತಿ ನನಗೆ ಇಂದಿಗೂ ಸರಿ ಎನಿಸುತ್ತದೆ. ‘ನಮ್ಮ ಹತ್ತಿರ ಮುಚ್ಚಿಡುವುದೇನಿದೆ’ ಎನ್ನುವವರೂ ಇದ್ದಾರೆ. 2023ರಲ್ಲಿ ಹಣ ಕಳೆದುಕೊಂಡವರೂ ಏನನ್ನೂ ಮುಚ್ಚಿಟ್ಟಿರಲಿಲ್ಲ, ಕಾನೂನು ಹೇಳಿದಂತೆ ಬೆರಳು ಕೊಟ್ಟಿದ್ದರು ಅಷ್ಟೇ.

ನಕಲಿ ಬೆರಳನ್ನು ಹಿಡಿಯಲು 2023ರಿಂದ ಆಧಾರ್ ಪ್ರಾಧಿಕಾರ ಬಿಂದುಗಳ ಜೊತೆ ಬೆರಳಿನ ಚಿತ್ರವನ್ನೂ ಪರೀಕ್ಷಿಸಿ, ಜೀವಂತ ಬೆರಳೇ ಎಂದು ನೋಡುತ್ತಿದೆ. ಒಳ್ಳೆಯ ಹೆಜ್ಜೆ, ಆದರೂ ಹಣ ತೆಗೆಯಲು ಬೆರಳಿನ ಜೊತೆ ಖಾತೆದಾರರಿಗೆ ಮಾತ್ರ ಗೊತ್ತಿರುವ ಎರಡನೆಯ ಒಪ್ಪಿಗೆ ಬೇಕೇ ಬೇಕು, ಮತ್ತು ಈ ಸೌಲಭ್ಯ ಕೇಳಿದವರಿಗೆ ಮಾತ್ರ ಚಾಲೂ ಆಗಬೇಕು. ಅದಾಗುವವರೆಗೆ ಓದುಗರು ಒಂದು ಕೆಲಸ ಮಾಡಿ: ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ, ಪಡಿತರಕ್ಕೆ ಹೋಗುವಾಗ ತೆರೆದು ಮತ್ತೆ ಮುಚ್ಚಿ. ಆ್ಯಪ್ ಬಳಸಲು ಬಾರದ ಮನೆಯ ಹಿರಿಯರಿಗೂ ಮಾಡಿಕೊಡಿ. ಗೊತ್ತಿಲ್ಲದೆ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ತಪ್ಪಿಲ್ಲದೆ ಹೊರಗಿನವರಿಂದ ಆದ ಇಂಥ ವಂಚನೆಯಲ್ಲಿ, ಆ ಅವಧಿಯೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದೆ.