ಅರಿಶಿನದ ಕರ್ಕ್ಯುಮಿನ್ ಮತ್ತು ಸ್ತನ ಕ್ಯಾನ್ಸರ್

ಚಾಮರಾಜನಗರ ಜಿಲ್ಲೆಯ ಅನೇಕ ರೈತರಿಗೆ ಅರಿಶಿನ ಕೈಗೆ ಹಣ ತರುವ ಬೆಳೆ. ಪೂಜೆಗೆ, ಅಡುಗೆಗೆ, ಗಾಯಕ್ಕೆ ಹಚ್ಚಲು ಇದು ಎಲ್ಲರ ಮನೆಯಲ್ಲಿಯೂ ಇರುವ ವಸ್ತು. ಅರಿಶಿನ ಸೇವಿಸಿದರೆ ಕ್ಯಾನ್ಸರ್ ವಾಸಿಯಾಗುತ್ತದೆಂಬ ಮಾತು ಈಗ ಹಳ್ಳಿಗಳಲ್ಲಿಯೂ ಕೇಳಿಬರುತ್ತಿದೆ. ಇದರಲ್ಲಿ ನಿಜವೆಷ್ಟು ಎಂಬುದನ್ನು ಬೆಳೆಗಾರರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಅವಶ್ಯಕ.

ಕರ್ಕ್ಯುಮಿನ್ ಎಂದರೇನು?

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಮುಖ್ಯ ವಸ್ತುವೇ ಕರ್ಕ್ಯುಮಿನ್. ಇದನ್ನು 1815ರಲ್ಲಿ ಮೊದಲು ಬೇರ್ಪಡಿಸಲಾಯಿತು. 1910ರಲ್ಲಿ ಇದರ ರಾಸಾಯನಿಕ ರಚನೆ ತಿಳಿದುಬಂತು. ಒಣಗಿದ ಅರಿಶಿನದಲ್ಲಿ ಇದರ ಪ್ರಮಾಣ ತಳಿಯನ್ನೂ ಬೆಳೆದ ಸ್ಥಳವನ್ನೂ ಅವಲಂಬಿಸಿ ಸಾಮಾನ್ಯವಾಗಿ ಶೇ. 2ರಿಂದ 6ರಷ್ಟು ಇರುತ್ತದೆ.

ಕ್ಯಾನ್ಸರ್ ಹರಡುವ ಬಗೆ

ಹೊಲದ ಒಂದು ಮೂಲೆಯ ಗರಿಕೆ ಬದು ದಾಟಿ ಹಬ್ಬುವಂತೆ ಸ್ತನದ ಕ್ಯಾನ್ಸರ್ ಕೂಡ ಹುಟ್ಟಿದ ಜಾಗದಲ್ಲಿಯೇ ನಿಲ್ಲುವುದಿಲ್ಲ. ಕ್ಯಾನ್ಸರ್ ಜೀವಕೋಶಗಳು ಕೆಲವು ಕಿಣ್ವಗಳನ್ನು ಸ್ರವಿಸಿ ಸುತ್ತಲಿನ ಅಂಗಾಂಶದ ಬಲೆಯನ್ನು ಕರಗಿಸುತ್ತವೆ. ಅಲ್ಲಿಂದ ದುಗ್ಧನಾಳ ಮತ್ತು ರಕ್ತನಾಳಗಳ ಮೂಲಕ ಕಂಕುಳಿನ ಗ್ರಂಥಿ, ಮೂಳೆ, ಶ್ವಾಸಕೋಶ, ಯಕೃತ್ತು ಮತ್ತು ಮಿದುಳನ್ನು ಸೇರುತ್ತವೆ. ಹೀಗೆ ಹರಡಿದ ಮೇಲೆ ಚಿಕಿತ್ಸೆ ಕಷ್ಟವಾಗುತ್ತದೆ.

ಪ್ರಯೋಗಗಳು ತಿಳಿಸುವುದೇನು?

ಪ್ರಯೋಗಶಾಲೆಯಲ್ಲಿ ಗಾಜಿನ ತಟ್ಟೆಗಳಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಜೀವಕೋಶಗಳಿಗೆ ಕರ್ಕ್ಯುಮಿನ್ ಸೇರಿಸಿದಾಗ ಈ ಕಿಣ್ವಗಳ ಉತ್ಪತ್ತಿ ಕುಗ್ಗಿ, ಜೀವಕೋಶಗಳ ಚಲನೆಯೂ ತಗ್ಗುತ್ತದೆ. 2007ರಲ್ಲಿ ಪ್ರಕಟವಾದ ಜರ್ಮನಿಯ ಸಂಶೋಧನೆಯೊಂದರಲ್ಲಿ, ಇಂತಹ ಜೀವಕೋಶಗಳನ್ನು ಇಲಿಗಳ ದೇಹಕ್ಕೆ ಸೇರಿಸಿ ಕರ್ಕ್ಯುಮಿನ್ ಕೊಟ್ಟಾಗ ಶ್ವಾಸಕೋಶದಲ್ಲಿ ಮೂಡಿದ ಗಡ್ಡೆಗಳು ಕಡಿಮೆಯಾಗಿದ್ದವು.

ಇಷ್ಟರಿಂದಲೇ ಅರಿಶಿನವನ್ನು ಕ್ಯಾನ್ಸರಿನ ಔಷಧಿ ಎನ್ನಲಾಗದು. ನಾವು ಸೇವಿಸಿದ ಕರ್ಕ್ಯುಮಿನ್ ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಹೀರಲ್ಪಟ್ಟ ಅಲ್ಪಾಂಶವೂ ಬೇಗ ಮಾರ್ಪಟ್ಟು ಹೊರಹೋಗುತ್ತದೆ. ತೈವಾನಿನಲ್ಲಿ ರೋಗಿಗಳಿಗೆ ದಿನಕ್ಕೆ 8 ಗ್ರಾಂವರೆಗೆ ಕೊಟ್ಟು ನೋಡಿದಾಗಲೂ ರಕ್ತದಲ್ಲಿ ಸಿಕ್ಕಿದ್ದು ಅತ್ಯಲ್ಪವೆಂದು 2001ರಲ್ಲಿ ವರದಿಯಾಯಿತು. ಶೇ. 4ರಷ್ಟು ಕರ್ಕ್ಯುಮಿನ್ ಇರುವ ಅರಿಶಿನದಿಂದ 8 ಗ್ರಾಂ ಪಡೆಯಬೇಕಾದರೆ ದಿನಕ್ಕೆ 200 ಗ್ರಾಂ ಪುಡಿ ಬೇಕು! ಸಾರಿಗೆ ಹಾಕುವ ಚಿಟಿಕೆ ಅರಿಶಿನ ಎಲ್ಲಿ, ಇದೆಲ್ಲಿ?

ಕರಿಮೆಣಸಿನ ಪೈಪರಿನ್ ಜೊತೆಗೆ ಕೊಟ್ಟರೆ ಕರ್ಕ್ಯುಮಿನ್ ರಕ್ತಕ್ಕೆ ಹೆಚ್ಚು ಸೇರುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದರು. ಆದರೆ ಪೈಪರಿನ್ ಬೇರೆ ಔಷಧಿಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಅಲ್ಲದೆ, ಕರ್ಕ್ಯುಮಿನ್ ಬೆರೆಸಿದ ಆಹಾರ ಕ್ಯಾನ್ಸರ್ ಔಷಧಿಯೊಂದರ ಗುಣವನ್ನೇ ತಗ್ಗಿಸಿದ್ದು ಅಮೆರಿಕದಲ್ಲಿ ಇಲಿಗಳ ಮೇಲೆ ನಡೆಸಿದ, 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡುಬಂತು.

ಅನುಸರಿಸಬೇಕಾದ ಕ್ರಮಗಳು

1. ಅಡುಗೆಯಲ್ಲಿ ಎಂದಿನಂತೆ ಅರಿಶಿನ ಬಳಸಬಹುದು.

2. ಚಿಕಿತ್ಸೆ ಪಡೆಯುತ್ತಿರುವವರು ಕರ್ಕ್ಯುಮಿನ್ ಗುಳಿಗೆಗಳನ್ನು ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು.

3. ಸ್ತನದಲ್ಲಿ ಅಥವಾ ಕಂಕುಳಿನಲ್ಲಿ ಗಂಟು, ಚರ್ಮ ಗುಳಿ ಬೀಳುವುದು, ತೊಟ್ಟು ಹೊಸದಾಗಿ ಒಳಸೇರುವುದು, ತೊಟ್ಟಿನಿಂದ ರಕ್ತ ಬರುವುದು ಕಂಡರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಗಂಟು ಅನೇಕ ವೇಳೆ ನೋಯುವುದಿಲ್ಲ. ನೋವಿಲ್ಲವೆಂದು ಸುಮ್ಮನಿರಬಾರದು.

4. ಅರಿಶಿನ ಅರೆದು ಗಂಟಿಗೆ ಪಟ್ಟು ಹಾಕಿ ಕಾಯುತ್ತ ಕೂರಬಾರದು. ಕಾದಷ್ಟೂ ರೋಗಕ್ಕೆ ಹರಡಲು ಸಮಯ ಸಿಗುತ್ತದೆ.

ಸುಗ್ಗಿ ಮುಗಿಯಲಿ, ಅರಿಶಿನ ಬೇಯಿಸಿ ಒಣಗಿಸಿದ ಮೇಲೆ ಹೋದರಾಯಿತು ಎಂದು ಮನೆಯ ಹೆಣ್ಣುಮಕ್ಕಳು ತಮ್ಮ ತೊಂದರೆಯನ್ನು ಮುಚ್ಚಿಡುವುದುಂಟು. ಮನೆಯ ಗಂಡಸರೇ ಮುಂದಾಗಿ ಅವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಬೇಗ ಪತ್ತೆಯಾದ ಸ್ತನ ಕ್ಯಾನ್ಸರ್ ಬಹುಮಟ್ಟಿಗೆ ಗುಣವಾಗುತ್ತದೆ. ಬೆಳೆಯ ಕೆಲಸ ನಾಲ್ಕು ದಿನ ತಡವಾದರೂ ನಡೆದೀತು, ಚಿಕಿತ್ಸೆ ತಡವಾಗಬಾರದು.